ಯಂತ್ರದ ಅಳತೆಗೆ ಮನುಷ್ಯರೇ?

ಮೈಸೂರಿನ ವಿದ್ಯಾರಣ್ಯಪುರಂನ ಒಂದು ಒಳಬೀದಿ. ಅಲ್ಲಿನ ಪುಟ್ಟ ಶೆಡ್ಡಿನಲ್ಲಿ ಕೆಲವು ಹೆಣ್ಣುಮಕ್ಕಳು ಊದುಬತ್ತಿ ತಯಾರಿಸುವುದನ್ನು ನಾವು ನೋಡುತ್ತ ನಿಂತಿದ್ದೆವು. ಹಿರಿಯರೊಬ್ಬರು ನೆಲದ ಮೇಲೆ ಕಾಲು ಮಡಚಿ ಕುಳಿತು, ಇದ್ದಿಲು ಮತ್ತು ಜಿಗಟು ಪುಡಿ ಕಲಸಿದ ಹಿಟ್ಟನ್ನು ಬಿದಿರು ಕಡ್ಡಿಗೆ ಹಚ್ಚಿ ಮಣೆಯ ಮೇಲೆ ಅಂಗೈಯಿಂದ ಹೊಸೆಯುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬರು ಮರದ ಸ್ಟೂಲಿನ ಮೇಲೆ ಕುಳಿತು, ಪೆಡಲ್ ಯಂತ್ರವನ್ನು ಕಾಲಿನಿಂದ ತುಳಿಯುತ್ತ ಒಂದೊಂದೇ ಕಡ್ಡಿಯನ್ನು ಅದರ ಬಾಯಿಗೆ ಕೊಡುತ್ತಿದ್ದರು. "ಯಂತ್ರ ಬಂದ ಮೇಲೆ ಸ್ವಲ್ಪ ಆರಾಮವಾಯಿತೇನಮ್ಮ?" ಎಂದು ಕೇಳಿದೆವು. "ಮೊದ್ಲು ಸೊಂಟ ನೋಯ್ತಿತ್ತು ಸಾರ್, ಈಗ ಮಂಡಿ ನೋಯುತ್ತೆ" ಎಂದು ನಕ್ಕರು. ಸ್ಟೂಲು ಅವರಿಗೆ ಎತ್ತರವಾಗಿತ್ತು. ಪೆಡಲ್ ಎಟುಕಬೇಕಾದರೆ ಅವರು ಅದರ ತುದಿಗೆ ಸರಿದು ಕೂರಬೇಕಿತ್ತು.

ಆ ನಗುವಿನ ಹಿಂದೆ ಒಂದು ನೈತಿಕ ಪ್ರಶ್ನೆಯಿದೆ. ದುಡಿಮೆಯ ಸಲಕರಣೆಗೆ ಮನುಷ್ಯರು ಹೊಂದಿಕೊಳ್ಳಬೇಕೇ, ಮನುಷ್ಯರಿಗೆ ಸಲಕರಣೆ ಹೊಂದಿಕೊಳ್ಳಬೇಕೇ?

ಈ ಪ್ರಶ್ನೆ ಹೊಸದೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝೀನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥವೊಂದನ್ನು ಬರೆದು, ರೋಗಿಯನ್ನು ಪರೀಕ್ಷಿಸುವ ವೈದ್ಯ ಅವನ ಕಸುಬು ಯಾವುದೆಂದೂ ಕೇಳಬೇಕು ಎಂದ. 1857ರಲ್ಲಿ ಪೋಲೆಂಡಿನ ವಿಜ್ಞಾನಿ ಯಸ್ತ್‌ಶೆಂಬೊವ್ಸ್ಕಿ, ಕೆಲಸ ಮತ್ತು ನಿಯಮ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ 'ಎರ್ಗನಾಮಿಕ್ಸ್' ಎಂಬ ಹೆಸರು ಕೊಟ್ಟ. ದುಡಿಮೆಯನ್ನು ದುಡಿಯುವವರ ದೇಹ ಮತ್ತು ಮನಸ್ಸಿಗೆ ಹೊಂದಿಸುವ ಶಾಸ್ತ್ರವೆಂದು ಇಂದು ಅದನ್ನು ವಿವರಿಸಬಹುದು.

ಆದರೆ ದೇಹವನ್ನು ಅಳೆದವರೆಲ್ಲ ಅದರ ಮೇಲಿನ ಕರುಣೆಯಿಂದಲೇ ಅಳೆಯಲಿಲ್ಲ. ಅಮೆರಿಕದ ಫ್ರೆಡರಿಕ್ ಟೇಲರ್ ಉಕ್ಕಿನ ಕಾರ್ಖಾನೆಯೊಂದರಲ್ಲಿ ಸಲಿಕೆ ಹಿಡಿದ ಕೂಲಿಗಳನ್ನು ಗಮನಿಸಿ, ಒಂದು ಸಲಕ್ಕೆ ಸುಮಾರು ಒಂಬತ್ತೂವರೆ ಕಿಲೋ ಎತ್ತಿದರೆ ದಿನದ ಕೊನೆಗೆ ಅತಿ ಹೆಚ್ಚು ಕೆಲಸವಾಗುತ್ತದೆ ಎಂದು ಲೆಕ್ಕ ಹಾಕಿದ. ಅವನ ವೈಜ್ಞಾನಿಕ ನಿರ್ವಹಣೆಯ ಪುಸ್ತಕ 1911ರಲ್ಲಿ ಬಂತು. ಆ ಕೂಲಿಗಳಿಗೆ ಹೆಚ್ಚು ಸಂಬಳ ಸಿಕ್ಕಿತು, ನಿಜ. ಜೊತೆಗೆ, ಅದೇ ಕೆಲಸಕ್ಕೆ ಮೊದಲಿಗಿಂತ ಬಹಳ ಕಡಿಮೆ ಮಂದಿ ಸಾಕಾದರು. ಅಲ್ಲಿ ಸಲಿಕೆಯ ಅಳತೆ ಬದಲಾದದ್ದು ಉತ್ಪಾದನೆಗಾಗಿ.

ಇಂದಿಗೂ ಕಾರ್ಖಾನೆಯ ಮಾಲೀಕರಿಗೆ ಒಳ್ಳೆಯ ಕುರ್ಚಿಯ ಮಹತ್ವವನ್ನು ಹೇಳುವಾಗ ನಾವು ಹೂಡುವ ವಾದ ಇದೇ: ನೋವು ಕಡಿಮೆಯಾದರೆ ರಜೆ ಕಡಿಮೆಯಾಗುತ್ತದೆ, ಉತ್ಪಾದನೆ ಹೆಚ್ಚುತ್ತದೆ. ಬಹಳ ಸಲ ಇದು ನಿಜವೂ ಹೌದು. ಆದರೆ ಕುರ್ಚಿ ಕೊಡಲು ಲಾಭವೊಂದೇ ಕಾರಣವಾದರೆ, ಲಾಭ ಬರದ ದಿನ ಆ ಕುರ್ಚಿಯನ್ನು ಕಿತ್ತುಕೊಳ್ಳುವುದೂ ನ್ಯಾಯವೇ ಆಗಿಬಿಡುತ್ತದೆ. ಇನ್ನು ಮನೆಯಲ್ಲೇ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರ ಸಂಗತಿಯೇನು? ಅವರಿಗೆ ಸಾವಿರಕ್ಕೆ ಇಷ್ಟು ಎಂದು ಕೂಲಿ. ಬೆನ್ನು ಹಿಡಿದು ಒಂದು ವಾರ ಮಲಗಿದರೆ ನಷ್ಟ ಅವರದೇ. ಆ ನೋವು ಯಾವ ಮಾಲೀಕನ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ನಿಂತೇ ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಆದರೆ ಅಡುಗೆಮನೆಯ ಮೂಲೆಯನ್ನು ಕಾರ್ಖಾನೆ ಎಂದು ಯಾರು ಕರೆಯುತ್ತಾರೆ?

ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುತ್ತಿದ್ದ ಕೇರಳದ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಅಲ್ಲಿನ ಕಾನೂನು ತಿದ್ದುಪಡಿಯಾಯಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಕೂರುವುದನ್ನು ಹಕ್ಕೆಂದು ಒಪ್ಪಿಕೊಂಡ ಮೇಲೆ ಅದರಿಂದ ವ್ಯಾಪಾರ ಹೆಚ್ಚಿತೇ ಎಂದು ಕೇಳುವ ಅಗತ್ಯ ಉಳಿಯುವುದಿಲ್ಲ.

ಆದರೆ ವಿಷಯ ಇಷ್ಟು ಸರಳವೂ ಅಲ್ಲ. ನೆಲದಲ್ಲಿ ಕುಳಿತಿದ್ದ ಹಿರಿಯರನ್ನು "ಎತ್ತರದ ಮೇಜು ಕೊಟ್ಟರೆ ಆಗುವುದಿಲ್ಲವೇ?" ಎಂದು ಕೇಳಿದೆವು. "ಹೊಸದಕ್ಕೆ ಕೈ ಕೂರೋವರ್ಗೂ ಲೆಕ್ಕ ಕಡಿಮೆ ಬೀಳುತ್ತಲ್ಲಪ್ಪ, ಆ ದುಡ್ಡು ಯಾರು ಕೊಡ್ತಾರೆ?" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಅವರು ಬೇಡವೆಂದದ್ದು ಮೇಜನ್ನಲ್ಲ, ಆ ಕೆಲವು ವಾರಗಳ ಕೂಲಿಯ ನಷ್ಟವನ್ನು. ಶೆಡ್ಡಿನ ಮಾಲೀಕನೂ ದೊಡ್ಡ ಸಿರಿವಂತನಲ್ಲ. ಅವನ ಮೇಲೆ ದೊಡ್ಡ ವ್ಯಾಪಾರಿಯಿದ್ದಾನೆ, ಅವನ ಮೇಲೆ ಬೆಲೆ ಚೌಕಾಶಿ ಮಾಡುವ ನಾವಿದ್ದೇವೆ.

ಹಾಗಾದರೆ ಮನುಷ್ಯಕೇಂದ್ರಿತ ವಿನ್ಯಾಸ ಎನ್ನುವಾಗ ಆ ಮನುಷ್ಯ ಯಾರು? ಭಾರತೀಯರ ದೇಹದ ಅಳತೆಗಳ ಬಗ್ಗೆ ದೇಬ್‌ಕುಮಾರ್ ಚಕ್ರವರ್ತಿಯವರು ಸಿದ್ಧಪಡಿಸಿದ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಅಂಥ ಅಳತೆಗಳು ಬೇಕೇ ಬೇಕು. ಪರದೇಶದ ಗಂಡಸಿನ ತೋಳಿನ ಅಳತೆಗೆ ಮಾಡಿದ ಹಿಡಿಕೆ ನಮ್ಮ ಹೆಣ್ಣುಮಗಳ ಕೈಗೆ ಒಗ್ಗುವುದಿಲ್ಲ. ಆದರೆ ಅಳತೆಪಟ್ಟಿ ಕಾಲಿನ ಉದ್ದವನ್ನು ಹೇಳುತ್ತದೆಯೇ ಹೊರತು, ಮನೆಯ ಬಾಡಿಗೆ ಕಟ್ಟಲು ದಿನಕ್ಕೆ ಎಷ್ಟು ಕಡ್ಡಿ ಆಗಲೇಬೇಕು ಎಂಬುದನ್ನು ಹೇಳುವುದಿಲ್ಲ. ಅದನ್ನು ಅವರನ್ನೇ ಕೇಳಬೇಕು. ಕೇಳಿದ ಮೇಲೆ ಹೊಸ ಸಲಕರಣೆಗೆ ಕೈ ಕೂರುವ ದಿನಗಳ ಕೂಲಿಯನ್ನೂ ಅದರ ವೆಚ್ಚದಲ್ಲೇ ಸೇರಿಸಬೇಕು.

ಕಾಯಕದ ಹಿರಿಮೆಯ ಬಗ್ಗೆ ನಮ್ಮ ನಾಡು ಬಹಳ ಮಾತನಾಡಿದೆ. ಆ ಪದದೊಳಗೆ ಕಾಯವೂ ಇದೆ ಎಂಬುದನ್ನು ಮರೆತು ಕಾಯಕವನ್ನು ಹೊಗಳುವುದು ಸುಲಭ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದು ಹೆಸರನ್ನು ಕಾಯುತ್ತದೆ. ಹೊಸೆಯುವವರ ಬೆನ್ನನ್ನು ಕಾಯುವ ಹೊಣೆ ನಮ್ಮ ಮೇಲೆಯೇ ಉಳಿದಿದೆ. ದರ್ಗಾದಲ್ಲೋ ದೇವಸ್ಥಾನದಲ್ಲೋ ನಮ್ಮ ಮನೆಯಲ್ಲೋ ಕಡ್ಡಿ ಹಚ್ಚುವಾಗ ಅದು ಯಾರ ಕೈಯಿಂದ ಬಂತೆಂದು ನಾವು ಯೋಚಿಸುವುದು ಅಪರೂಪ.

ಆ ಸ್ಟೂಲಿನ ಕಾಲುಗಳನ್ನು ಎರಡು ಇಂಚು ಕೊಯ್ಯಲು ಒಬ್ಬ ಬಡಗಿಗೆ ಅರ್ಧ ಗಂಟೆ ಸಾಕು. ಅದಕ್ಕೂ ಮೊದಲು, ಅದರ ಮೇಲೆ ಕೂರುವವರನ್ನು ಯಾರಾದರೂ ಕೇಳಬೇಕಿತ್ತು.