ಒಬ್ಬನ ಅಡುಗೆಯ ಪಾಪ

ಗೀತೆಯ ಮೂರನೇ ಅಧ್ಯಾಯದಲ್ಲಿ ಕೃಷ್ಣ ಮುಲಾಜಿಲ್ಲದೆ ಒಂದು ಮಾತು ಹೇಳಿಬಿಟ್ಟಿದ್ದಾನೆ: ತಮಗೋಸ್ಕರ ಮಾತ್ರ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆ ಅಂತ. ಹೆಂಡತಿ ಇದ್ದ ಕಾಲಕ್ಕೆ ಇದು ಯಾರಿಗೋ ಹೇಳಿದ ಮಾತು ಅಂದುಕೊಂಡು ಮುಂದಿನ ಶ್ಲೋಕಕ್ಕೆ ಹೋಗುತ್ತಿದ್ದೆ. ಈಗ ಅಟ್ಟೂರು ಲೇಔಟಿನ ಮನೆಯಲ್ಲಿ ನಾನೊಬ್ಬನೇ. ರಾತ್ರಿಯೂಟ ಬೇಯುವುದು ಅಗಲ ಬಾಯಿಯ ಒಂದು ಸ್ಟೀಲ್ ಫ್ಲಾಸ್ಕಿನಲ್ಲಿ. ಅದರ ಹೊಟ್ಟೆ ಸರಿಯಾಗಿ ನನ್ನ ಹೊಟ್ಟೆಯಷ್ಟು.

ಕೆಲಸ ಸುಲಭ. ಒಂದು ಹಿಡಿ ಅಕ್ಕಿನುಚ್ಚು, ಅರ್ಧ ಹಿಡಿ ಹೆಸರುಬೇಳೆ ತೊಳೆದು ಮಧ್ಯಾಹ್ನವೇ ನೆನೆಹಾಕಿರುತ್ತೇನೆ. ಮೊದಲು ಬರೀ ಫ್ಲಾಸ್ಕಿಗೆ ಕುದಿನೀರು ಹುಯ್ದು ಐದು ನಿಮಿಷ ಮುಚ್ಚಿಡಬೇಕು, ಇಲ್ಲದಿದ್ದರೆ ತಣ್ಣನೆಯ ಸ್ಟೀಲೇ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಅಷ್ಟರಲ್ಲಿ ನುಚ್ಚು, ಬೇಳೆ, ಉಪ್ಪು, ಜೀರಿಗೆ, ಜಜ್ಜಿದ ಶುಂಠಿ ಎಲ್ಲವನ್ನೂ ಧಾರಾಳ ನೀರಿನಲ್ಲಿ ಎರಡು ಕುದಿ ಬರಿಸುವುದು. ಫ್ಲಾಸ್ಕಿನ ನೀರು ಚೆಲ್ಲಿ, ಕುತ್ತಿಗೆಯವರೆಗೆ ಇದನ್ನು ತುಂಬಿ, ಮುಚ್ಚಳ ಬಿಗಿದು, ಹಳೇ ಟವೆಲು ಸುತ್ತಿ ಮಲಗಿಸುವುದು. ಕೆರೆ ಕಡೆ ಹೋಗಿ, ಬೆಂಚಿನ ಮೇಲೆ ಕೂತ ಪರಿಚಯದವರ ಜೊತೆ ರಾಜಕೀಯ ಮಾತಾಡಿ ಬರುವ ಹೊತ್ತಿಗೆ ಗಂಜಿಗಿಂತ ಗಟ್ಟಿ, ಪೊಂಗಲಿಗಿಂತ ತೆಳು ಆಗಿರುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ನುಚ್ಚಿಗೆ ಅದೇನೂ ಕಮ್ಮಿಯಲ್ಲ. ರಾಜ್ಮಾ ಮಾತ್ರ ಇದರಲ್ಲಿ ಹಾಕಬಾರದು, ಆ ಕಾಳಿನ ವಿಷ ಒಲೆಯ ಮೇಲೆ ಚೆನ್ನಾಗಿ ಕುದಿಸಿದರೇ ಹೋಗುವುದು. ಬೆಂದದ್ದನ್ನು ಬೆಳಗಿನವರೆಗೆ ಉಗುರುಬೆಚ್ಚಗೆ ಇಟ್ಟುಕೊಳ್ಳುವುದೂ ಬೇಡ. 60 ಡಿಗ್ರಿಗಿಂತ ಕೆಳಗಿಳಿದರೆ ಹೊಟ್ಟೆ ಕೆಡಿಸುವ ಕ್ರಿಮಿಗಳಿಗೆ ಅದೇ ಹಬ್ಬ.

ಈ ಫ್ಲಾಸ್ಕಿನ ವಿಚಿತ್ರ ನನಗೆ ಹೊಳೆದದ್ದು ಅದನ್ನು ಹೊರಗಿನಿಂದ ಮುಟ್ಟಿದಾಗ. ನಾನು ಯಲಹಂಕದ ವೀಲ್ ಅಂಡ್ ಆಕ್ಸಲ್‌ನಲ್ಲಿ ದುಡಿದವನು. 1984ರಲ್ಲಿ ಶುರುವಾದ ಆ ಕಾರ್ಖಾನೆಗೆ 2003ರಲ್ಲಿ ರೈಲ್ ವೀಲ್ ಫ್ಯಾಕ್ಟರಿ ಅಂತ ಹೆಸರಾದರೂ ನಮ್ಮ ಬಾಯಿಗೆ ಹಳೆಯದೇ ರೂಢಿ. ಅಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿಗೆ ಏರಿಸಿ ಚಕ್ರ ಮಾಡುತ್ತಾರೆ. ಕುಲುಮೆಯ ಹತ್ತಿರ ಯಾರೇ ಬರಲಿ, ಆಫೀಸರಾಗಲಿ ಕಂಟ್ರ್ಯಾಕ್ಟ್ ಕೂಲಿಯಾಗಲಿ, ಮುಖಕ್ಕೆ ಅದೇ ಝಳ. ಅಷ್ಟು ವರ್ಷ ಬೆಂಕಿಯ ಗುಣ ಇದು ಅಂದುಕೊಂಡಿದ್ದವನಿಗೆ, ಒಳಗೆ ಅನ್ನ ಬೇಯುತ್ತಿದ್ದರೂ ಹೊರಗೆ ತಣ್ಣಗೇ ಇರುವ ಈ ಪಾತ್ರೆ ಒಗಟಾಗಿ ಕಂಡಿತು. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಇಂಥ ಪಾತ್ರೆ ಮಾಡಿದ್ದು ಬಿಸಿಗಲ್ಲ, ವಿಪರೀತ ತಣ್ಣಗೆ ಮಾಡಿ ದ್ರವವಾಗಿಸಿದ ಅನಿಲಗಳನ್ನು ಕಾಪಾಡಲಿಕ್ಕೆ. ಎರಡು ಗೋಡೆ, ನಡುವೆ ಗಾಳಿಯನ್ನೂ ತೆಗೆದ ಖಾಲಿ ಜಾಗ. ಒಳಗಿನದು ಹೊರಗೆ ಹೋಗಕೂಡದು, ಹೊರಗಿನದು ಒಳಗೆ ಬರಕೂಡದು.

ನಮ್ಮವ್ವ ಎಸರಿಗೆ ಅಕ್ಕಿ ಹಾಕುವಾಗ ಕೊನೆಗೊಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದಳು. ‘ಯಾರಾದ್ರೂ ಬಂದ್ರೆ?’ ಅಂತ. ಫ್ಲಾಸ್ಕಿಗೆ ಆ ಹೆಚ್ಚಿನ ಹಿಡಿ ಹಾಕಿ ನೋಡಿ, ನೀರಿಗೆ ಜಾಗ ಸಾಲದೆ ಬೇಳೆ ಗಟ್ಟಿಗಟ್ಟಿಯಾಗಿ ಉಳಿಯುತ್ತದೆ. ನಡುವೆ ಯಾರೋ ಬಾಗಿಲು ತಟ್ಟಿದರೆ ಮುಚ್ಚಳ ತೆಗೆದು ಇನ್ನಷ್ಟು ಸೇರಿಸುವಂತೆಯೂ ಇಲ್ಲ. ಒಲೆ ಮೇಲಿನ ಪಾತ್ರೆಗೆ ಇನ್ನೊಂದು ಚೊಂಬು ನೀರು ಹುಯ್ದು ಸಾರು ಹಿಗ್ಗಿಸಬಹುದು, ಇದನ್ನಲ್ಲ. ತನಗಷ್ಟೇ ಬೇಯಿಸಿಕೊಳ್ಳುವುದು ಇಲ್ಲಿ ನನ್ನ ಬುದ್ಧಿಯ ದೋಷವಲ್ಲ, ಪಾತ್ರೆಯ ರಚನೆಯೇ ಹಾಗಿದೆ. ಆದರೆ ಪಾತ್ರೆ ಕೊಂಡವನು ನಾನೇ ತಾನೆ?

ಅದೂ ಎಂಥವನು ನಾನು! ತುಮಕೂರಿನ ಸಿದ್ಧಗಂಗೆಯಲ್ಲಿ ಉಂಡು ಓದಿದವನು. ಆಳೆತ್ತರದ ಕೊಪ್ಪರಿಗೆಗಳು, ಸಾಲು ಸಾಲು ಮುದ್ದೆ, ಸಾವಿರಾರು ಹುಡುಗರ ಪಂಕ್ತಿ. ಯಾರ ಹೆಸರಿಗೂ ಬೇಯದ, ಬಂದವರಿಗೆಲ್ಲ ಬೇಯುತ್ತಿದ್ದ ಅನ್ನ ಅದು. ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗುವಿನ ಭಾಗದ ಕೊನೆಗೆ ಬರುವುದೂ ಇದೇ: ಮನೆಗೆ ಬಂದವರನ್ನು ಇಲ್ಲವೆಂದು ಕಳಿಸಬಾರದು, ಅದಕ್ಕಾಗಿ ಹೇಗಾದರೂ ಮಾಡಿ ಬಹಳ ಅನ್ನ ಕೂಡಿಸಿಟ್ಟಿರಬೇಕು.

ಇದಕ್ಕೆ ಎದುರು ಆಯ್ದಕ್ಕಿ ಲಕ್ಕಮ್ಮನ ಕಥೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಮಾರಯ್ಯ ಒಂದು ದಿನ ಜಾಸ್ತಿ ತಂದ. ಇಷ್ಟು ನಮಗೆ ಬೇಡ, ಅಲ್ಲೇ ಸುರಿದು ಬಾ ಅಂದಳು ಆಕೆ. ಬಹಳ ಅನ್ನ ಕೂಡಿಡು ಅನ್ನುತ್ತಾನೆ ಋಷಿ, ಇವತ್ತಿನದಷ್ಟೇ ಸಾಕು ಅನ್ನುತ್ತಾಳೆ ಶರಣೆ. ಲಕ್ಕಮ್ಮನ ಸೆರಗು ಹಿಡಿದು ತಪ್ಪಿಸಿಕೊಳ್ಳೋಣ ಅಂತ ನಾನೂ ನೋಡಿದೆ: ನನ್ನ ಫ್ಲಾಸ್ಕೂ ಇವತ್ತಿನದಷ್ಟನ್ನೇ ಹಿಡಿಯುತ್ತದೆ, ಹಳಸುವುದಿಲ್ಲ, ಎಸೆಯುವುದಿಲ್ಲ, ಗ್ಯಾಸ್ ಕೂಡ ಉಳಿಯುತ್ತದೆ. ಆದರೆ ವಾದ ನಿಲ್ಲುವುದಿಲ್ಲ. ಆಕೆ ಅಳೆದು ತರಿಸಿದ ಅಕ್ಕಿ ಜಂಗಮರ ದಾಸೋಹಕ್ಕೆ ಹೋಗುತ್ತಿತ್ತು. ಅಳತೆ ಇದ್ದದ್ದು ತರುವುದಕ್ಕೆ, ಬಡಿಸುವುದಕ್ಕಲ್ಲ. ನನ್ನದು ತರುವುದಕ್ಕೂ ಅಳತೆ, ಉಣ್ಣುವುದಕ್ಕೂ ಅಳತೆ. ಕೃಷ್ಣನ ಮಾತು ನನಗೇ ಹೇಳಿದ್ದು ಅಂತ ಒಪ್ಪಿಕೊಳ್ಳದೆ ವಿಧಿಯಿಲ್ಲ.

ಹಿಂದಿನ ಗಲ್ಲಿಯ ಪೀಜಿಯಲ್ಲಿ ಒಡಿಶಾದ ಒಬ್ಬ ಹುಡುಗ ಇದ್ದಾನೆ. ರೂಮಿನಲ್ಲಿ ಒಲೆ ಹಚ್ಚುವಂತಿಲ್ಲ, ಎಲೆಕ್ಟ್ರಿಕ್ ಕೆಟಲ್ ಇಟ್ಟುಕೊಳ್ಳಬಹುದು. ನನ್ನ ಟವೆಲು ಸುತ್ತಿದ ಗಂಟು ನೋಡಿ ‘ಅಂಕಲ್, ಇದೇನು?’ ಅಂದ. ಹೇಳಿಕೊಟ್ಟೆ. ಅವನೂ ಒಂದು ಫ್ಲಾಸ್ಕು ತಂದ. ಕೆಟಲ್‌ನ ನೀರಿನಲ್ಲೇ ನೆನೆದ ಅವಲಕ್ಕಿ, ಓಟ್ಸು ಮಾಡಿಕೊಳ್ಳುತ್ತಿದ್ದವನು ಈಗ ನುಚ್ಚಿಗೂ ಕೈಹಾಕಿದ್ದಾನೆ. ಒಂದೊಂದು ಸಂಜೆ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಉಣ್ಣುತ್ತೇವೆ. ಅವರವರ ಪಾತ್ರೆ, ಅವರವರ ಚಮಚ, ಅಂದರೆ ಪಕ್ಕಪಕ್ಕದಲ್ಲಿ ಎರಡು ಪಾಪ. ಹಾಗಾಗಿ ಒಂದು ಲೆಕ್ಕ ಹೂಡಿದ್ದೇನೆ: ಕೂತ ಮೇಲೆ ಫ್ಲಾಸ್ಕು ಬದಲಾಯಿಸಿಕೊಳ್ಳುವುದು. ನಾನು ಬೇಯಿಸಿದ್ದು ಅವನಿಗೆ, ಅವನು ಬೇಯಿಸಿದ್ದು ನನಗೆ. ತನಗೋಸ್ಕರ ಬೇಯಿಸಿಕೊಂಡವರು ಈಗ ಇಬ್ಬರಲ್ಲಿ ಯಾರೂ ಇಲ್ಲ. ಇದು ಪೇಟೆ ವಕೀಲರ ಜಾಣತನ ಅಂತ ಯಾರಾದರೂ ಅನ್ನಬಹುದು, ಅನ್ನಲಿ. ಹುಡುಗನಿಗೆ ಉಪ್ಪಿನ ಅಂದಾಜಿಲ್ಲ, ಶುಂಠಿ ಹಾಕು ಅಂದರೆ ಮರೆಯುತ್ತಾನೆ. ಅದನ್ನೇ ಉಣ್ಣುತ್ತೇನೆ.