ಉಳಿದ ತೊಂಬತ್ತೈದು

ಐಟಿಐಯಲ್ಲಿ ವೆಲ್ಡರ್ ಟ್ರೇಡಿನ ಹುಡುಗರಿಗೆ ಪಾಠ ಹೇಳುವುದು ನನ್ನ ಕೆಲಸ. ಕಳೆದ ವರ್ಷ ಒಂದು ದಿನ ಪೈಪ್ ಜಾಯಿಂಟುಗಳ ತಪಾಸಣೆಯ ಬಗ್ಗೆ ಹೇಳುತ್ತಿದ್ದೆ. ಕಾರ್ಖಾನೆಗಳ ಪೈಪಿಂಗ್‌ಗೆ ಬಳಸುವ ಎಎಸ್‌ಎಂಇ ಬಿ31.3 ಸಂಹಿತೆಯ ಪ್ರಕಾರ, ಸಾಮಾನ್ಯ ದರ್ಜೆಯ ಲೈನುಗಳಲ್ಲಿ ನೂರಕ್ಕೆ ಕನಿಷ್ಠ 5 ಜಾಯಿಂಟುಗಳನ್ನು ಎಕ್ಸ್‌ರೇ ಅಥವಾ ಅಲ್ಟ್ರಾಸಾನಿಕ್ ಪರೀಕ್ಷೆಗೆ ಒಡ್ಡಿದರೆ ಸಾಕು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಹಾಗಾದ್ರೆ ಸರ್, ಉಳಿದ ತೊಂಬತ್ತೈದನ್ನ ಮೇಲೆ ಚೆಂದ ಕಾಣೋ ಹಾಗೆ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಮುಂದಿನ ಪಾಠಕ್ಕೆ ಹೋದೆ. ಆದರೆ ಆ ಪ್ರಶ್ನೆಯಿಂದ ತಪ್ಪಿಸಿಕೊಂಡೆ ಎಂಬುದು ನನಗೆ ಗೊತ್ತಿತ್ತು.

ಎರಡು ಪೈಪುಗಳ ತುದಿಗಳನ್ನು ಓರೆಯಾಗಿ ಕೆತ್ತಿ, ನಡುವೆ ಸುಮಾರು 3 ಮಿಲಿಮೀಟರ್ ಸಂದು ಬಿಟ್ಟು, ಮೊದಲು ಹಾಕುವ ಬೆಸುಗೆಗೆ ರೂಟ್ ಎನ್ನುತ್ತೇವೆ. ಅದು ಪೈಪಿನ ಒಳಗೋಡೆಯವರೆಗೂ ಕರಗಿ ಕೂಡಿಕೊಳ್ಳಬೇಕು. ಕೂಡದೆ ಉಳಿದ ಕಡೆ ಒಳಗೆ ಒಂದು ಸಣ್ಣ ಸೀಳು ನಿಲ್ಲುತ್ತದೆ. ಒತ್ತಡ ಏರಿಳಿದಂತೆಲ್ಲ ಬಿರುಕು ಶುರುವಾಗುವುದು ಅಲ್ಲಿಂದಲೇ. ರೂಟಿನ ಮೇಲೆ ಪದರ ಪದರವಾಗಿ ಲೋಹ ತುಂಬಿ, ಕೊನೆಗೆ ಕ್ಯಾಪ್ ಹಾಕುತ್ತೇವೆ. ಕ್ಯಾಪ್ ಬಿದ್ದ ಮೇಲೆ ಒಳಗೇನಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಒಳ್ಳೆಯ ಪೈಪ್ ವೆಲ್ಡರ್ ಅನ್ನಿಸಿಕೊಳ್ಳಲು 6ಜಿ ಪರೀಕ್ಷೆ ಪಾಸಾಗಬೇಕು. 45 ಡಿಗ್ರಿ ಓರೆಯಾಗಿ ಬಿಗಿದ ಪೈಪನ್ನು ತಿರುಗಿಸುವಂತಿಲ್ಲ, ನಾವೇ ಸುತ್ತಬೇಕು. ತಳದಲ್ಲಿ ಕತ್ತು ಎತ್ತಿ, ಪಕ್ಕದಲ್ಲಿ ಮೈ ಬಾಗಿಸಿ, ಪ್ರತಿ ಅಂಗುಲಕ್ಕೂ ರಾಡಿನ ಕೋನ ಬದಲಿಸಬೇಕು. ಆಮೇಲೆ ಜಾಯಿಂಟಿನಿಂದ ಪಟ್ಟಿಗಳನ್ನು ಕತ್ತರಿಸಿ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸುತ್ತಾರೆ. 3 ಮಿಲಿಮೀಟರಿಗಿಂತ ದೊಡ್ಡ ಬಿರುಕು ಕಂಡರೆ ಫೇಲು. ತಿಂಗಳುಗಟ್ಟಲೆ ಕೈ ಸುಟ್ಟುಕೊಂಡವರೂ ಇಲ್ಲಿ ಸೋಲುತ್ತಾರೆ.

ಈ ಪರೀಕ್ಷೆ ಅಳೆಯುವುದು ಕೈಯನ್ನು. ಹುಡುಗ ಕೇಳಿದ್ದು ಬೇರೆ. ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಗೈಜಿಸ್ ಎಂಬ ಕುರುಬನ ಕತೆ ಬರುತ್ತದೆ. ತೊಟ್ಟವನನ್ನು ಅದೃಶ್ಯನಾಗಿಸುವ ಉಂಗುರ ಅವನಿಗೆ ಸಿಗುತ್ತದೆ. ಯಾರಿಗೂ ಕಾಣದಂತೆ ಇರಬಹುದಾದವನು ನ್ಯಾಯವಾಗಿ ಯಾಕಿರಬೇಕು ಎಂಬುದು ಅಲ್ಲಿನ ಪ್ರಶ್ನೆ. ಕ್ಯಾಪ್ ಹಾಕುವ ಪ್ರತಿ ವೆಲ್ಡರ್‌ನ ಕೈಯಲ್ಲೂ ಆ ಉಂಗುರವಿದೆ.

ಇಲ್ಲಿ ಅರಿಸ್ಟಾಟಲ್ ಹೇಳುವ ಒಂದು ವ್ಯತ್ಯಾಸ ನನಗೆ ಸಹಾಯಕ್ಕೆ ಬಂತು. ಕುಶಲಕಲೆಯಲ್ಲಿ ಗೊತ್ತಿದ್ದೂ ತಪ್ಪು ಮಾಡುವವನು ಗೊತ್ತಿಲ್ಲದೆ ಮಾಡುವವನಿಗಿಂತ ಮೇಲು, ಏಕೆಂದರೆ ಅವನಿಗೆ ವಿದ್ಯೆ ಬರುತ್ತದೆ. ಸದ್ಗುಣದ ವಿಷಯದಲ್ಲಿ ಇದು ತಿರುಗಿಬೀಳುತ್ತದೆ. ನಮ್ಮ ಕೆಲಸದಲ್ಲಿ ಇದು ಇನ್ನೂ ಕಠೋರ. ಕಲಿಯದವನ ಕೆಟ್ಟ ರೂಟು ಕೆಟ್ಟ ಕ್ಯಾಪಿನಲ್ಲೇ ಗೊತ್ತಾಗುತ್ತದೆ. ಚೆನ್ನಾಗಿ ಕಲಿತವನು ಅದನ್ನು ಚೆನ್ನಾಗಿ ಮುಚ್ಚಬಲ್ಲ. ಹಾಗಾದರೆ ನಾನು ಕಲಿಸುವ ವಿದ್ಯೆಯೇ ಮುಚ್ಚಿಡುವ ವಿದ್ಯೆಯೂ ಆಗುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಪಾಠ ಹೇಳುವ ಮೊದಲು ನಾನು ಸೈಟುಗಳಲ್ಲಿ ದುಡಿದವನು. ಅಲ್ಲಿ ಲೆಕ್ಕ ಇಂಚ್-ಡಯಾದಲ್ಲಿ. ಆರಿಂಚಿನ ಪೈಪಿನ ಒಂದು ಜಾಯಿಂಟ್ ಎಂದರೆ ಆರು ಇಂಚ್-ಡಯಾ. ಒಂದು ರಾತ್ರಿ ಪಾಳಿಯಲ್ಲಿ ತಳದ ರೂಟ್ ಹಾಕುವಾಗ ಆರ್ಕಿನ ಸದ್ದು ಬದಲಾಯಿತು. ಬೆಂಕಿ ಒಳಕ್ಕೆ ಹೋಗುತ್ತಿಲ್ಲ ಎಂದು ಕಿವಿಗೆ ತಿಳಿಯಿತು. ಗ್ರೈಂಡ್ ಮಾಡಿ ಮತ್ತೆ ಹಾಕಿದ್ದರೆ ಆ ದಿನದ ಲೆಕ್ಕ ತುಂಬುತ್ತಿರಲಿಲ್ಲ. ಮೇಲೆ ತುಂಬಿಸಿ ಕ್ಯಾಪ್ ಹಾಕಿದೆ. ನೋಡಿದವರೆಲ್ಲ ಭೇಷ್ ಎಂದರು. ಎಕ್ಸ್‌ರೇಗೆ ಆ ಜಾಯಿಂಟ್ ಬರಲಿಲ್ಲ.

ಅದಕ್ಕೆ ಗುತ್ತಿಗೆದಾರನ ಅವಸರ ಕಾರಣ ಎಂದು ಬಹಳ ದಿನ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ವೇದಿಕೆಯ ಮೇಲೆ ಕಾಯಕದ ಮಾತಾಡುವ ನಾವು, ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದವನನ್ನು ಮಾತ್ರ ಐಟಿಐಗೆ ಕಳಿಸುತ್ತೇವೆ. ಇಂಚಿನ ಲೆಕ್ಕದಲ್ಲಿ ಕೂಲಿ ಕೊಟ್ಟು, ಲೆಕ್ಕಕ್ಕೆ ಸಿಗದ ಪ್ರಾಮಾಣಿಕತೆಯನ್ನು ಅವನಿಂದ ಬಿಟ್ಟಿಯಾಗಿ ಬಯಸುತ್ತೇವೆ. ಮರುಕೆಲಸದ ಅರ್ಧ ಗಂಟೆಗೂ ಕೂಲಿ ಸಿಗುವಂತಿದ್ದರೆ ಎಷ್ಟೋ ರೂಟುಗಳು ಸರಿಯಾಗಿರುತ್ತಿದ್ದವು. ಆದರೆ ಆ ಲೈನಿನ ಪಕ್ಕ ದಿನವೂ ಓಡಾಡುವವರು ಗುತ್ತಿಗೆದಾರನೂ ಅಲ್ಲ, ವೇದಿಕೆಯವರೂ ಅಲ್ಲ. ಆಪರೇಟರ್, ಹೆಲ್ಪರ್, ಕಸ ಗುಡಿಸುವ ಹೆಂಗಸು. ಅವರ ಮುಂದೆ ನನ್ನ ಕಾರಣ ನಿಲ್ಲುವುದಿಲ್ಲ.

ವಾರದ ನಂತರ ತರಗತಿಯಲ್ಲಿ ಈ ಕತೆಯನ್ನು ಹೇಳಿದೆ. ಯಾರೂ ನಗಲಿಲ್ಲ. ಅಂದಿನಿಂದ ಒಂದು ಪದ್ಧತಿ ಇಟ್ಟಿದ್ದೇನೆ. ಅಂಕವಿರಲಿ ಬಿಡಲಿ, ಅಭ್ಯಾಸಕ್ಕೆ ಹಾಕಿದ ಪ್ರತಿ ಜಾಯಿಂಟನ್ನೂ ಹಾಕಿದವನೇ ಸೀಳಿ ಒಳಗೋಡೆಯನ್ನು ನೋಡಬೇಕು. ನನಗೆ ತೋರಿಸಬೇಕಾಗಿಲ್ಲ. ಪ್ರಾಮಾಣಿಕತೆಯನ್ನು ಪಠ್ಯಕ್ರಮದಲ್ಲಿ ತುರುಕಲು ಬರುವುದಿಲ್ಲ. ತನ್ನ ಕೆಲಸದ ಒಳಬದಿಯನ್ನು ತಾನೇ ನೋಡುವ ಅಭ್ಯಾಸವನ್ನಾದರೂ ಕೈಗೆ ಹತ್ತಿಸಬಹುದು.

ಮೊನ್ನೆ ಅದೇ ಹುಡುಗ ತನ್ನ ಪೈಪನ್ನು ಸೀಳಿ, ಬೆರಳಾಡಿಸಿ, ಏನೂ ಹೇಳದೆ ಇನ್ನೊಂದು ಪೈಪ್ ಎತ್ತಿಕೊಂಡ. ಆಮೇಲೆ ಕೇಳಿದ: “ಸೈಟಲ್ಲಿ ಹೀಗೆ ಸೀಳಿ ನೋಡೋಕೆ ಬಿಡ್ತಾರಾ ಸರ್?”

“ಬಿಡಲ್ಲ ಕಣಪ್ಪ” ಎಂದೆ. “ಅದಕ್ಕೇ ಈಗ ನೋಡ್ಕೋ.”