ಏಕಚಕ್ರಪುರದ ಬಾಡಿಗೆದಾರರು

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಈ ಸೀಮೆಯ ನಂಬಿಕೆ. ಅರಗಿನ ಮನೆ ಸುಟ್ಟ ಮೇಲೆ ಕುಂತಿ, ಐವರು ಮಕ್ಕಳೊಂದಿಗೆ ಬ್ರಾಹ್ಮಣನೊಬ್ಬನ ಮನೆಯಲ್ಲಿ ತಂಗಿದ್ದು ಇಲ್ಲೇ, ಭೀಮ ಬಕಾಸುರನನ್ನು ಕೊಂದದ್ದೂ ಇಲ್ಲೇ. ಭೀಮಲಿಂಗೇಶ್ವರನ ಗುಡಿ ಇಂದಿಗೂ ಇದೆ. ಬ್ರಾಹ್ಮಣನ ಆ ಮನೆ ಗೊತ್ತು ಮಾಡಿಕೊಟ್ಟವರು ವ್ಯಾಸರು. ಆಗ ಬ್ರೋಕರ್ ಕಮಿಷನ್ ಇದ್ದಂತಿಲ್ಲ.

ಕಥೆ ಕೇಳುವವರ ಗಮನವೆಲ್ಲ ಬಕಾಸುರನ ಬಂಡಿ ಅನ್ನದ ಮೇಲೆ. ಬಿಡಾರ ಹೂಡಿದವರು ಜಾತಿ ಮರೆಸಿದ್ದರು ಎಂಬುದು ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಕ್ಷತ್ರಿಯರು ಬ್ರಾಹ್ಮಣರ ವೇಷದಲ್ಲಿದ್ದರು. ಧರ್ಮರಾಯನೂ ಬಾಯಿ ಬಿಡಲಿಲ್ಲ.

ಚಿಕ್ಕಬಳ್ಳಾಪುರಕ್ಕೋ ಶಿಡ್ಲಘಟ್ಟಕ್ಕೋ ವರ್ಗವಾಗಿ ಬರುವ ಮೇಷ್ಟ್ರು, ನರ್ಸು, ಬ್ಯಾಂಕಿನವರಿಗೆ ಈ ಪ್ರಸಂಗ ಹೊಸದಲ್ಲ. ಬಾಡಿಗೆ, ಅಡ್ವಾನ್ಸು, ನೀರು ಎಷ್ಟು ದಿನಕ್ಕೊಮ್ಮೆ ಎಂಬ ಮಾತೆಲ್ಲ ಮುಗಿಯುತ್ತದೆ. ಕಾಫಿಯೂ ಬರುತ್ತದೆ. ಆಮೇಲೆ ಮೆಲ್ಲಗೆ, 'ತಪ್ಪು ತಿಳ್ಕೋಬೇಡಿ, ತಾವು ಯಾವ ಜನ?' ಉತ್ತರ ಒಪ್ಪಿಗೆಯಾಗದಿದ್ದರೆ ಜಗಳವೇನೂ ಇಲ್ಲ. 'ಮಗ ಬೆಂಗಳೂರಿಂದ ವಾಪಸ್ ಬರ್ತೀನಿ ಅಂತಿದಾನೆ, ನೋಡೋಣ.'

ಹಾಗಾದರೆ ಇಲ್ಲಿ ಸುಳ್ಳು ಹೇಳಬಹುದೆ? ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಅಡಗಿ ಕುಳಿತವರ ಜಾಗವನ್ನು ಕಳ್ಳರಿಗೆ ತೋರಿಸಿಕೊಟ್ಟ ಸತ್ಯವ್ರತಿ ನರಕಕ್ಕೆ ಹೋದ. ಮನೆ ಸಿಗದಿರುವುದು ಪ್ರಾಣಕ್ಕೆ ಬಂದ ಆಪತ್ತಲ್ಲ, ನಿಜ. ಆದರೂ ಆ ಕಥೆ ಒಂದು ದಾರಿ ತೋರಿಸುತ್ತದೆ: ಉತ್ತರವನ್ನು ತೂಗುವ ಮುನ್ನ, ಕೇಳುವವನಿಗೆ ಕೇಳುವ ಹಕ್ಕಿದೆಯೇ ಎಂದು ನೋಡಬೇಕು.

ಮಾಲೀಕರ ಮಾತನ್ನೂ ತಳ್ಳಿಹಾಕುವಂತಿಲ್ಲ. ದೇವರ ಮನೆಯ ಗೋಡೆಯಾಚೆಯೇ ಬಾಡಿಗೆಯವರ ಒಲೆ; ಇಬ್ಬರಿಗೂ ಒಂದೇ ಸಂಪು. ಮಡಿ ಅವರಿಗೆ ನಾಟಕವಲ್ಲ. ಆದರೆ ಅದೇ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹಿಂದೂ ರೈತ ತಂದ ರೇಷ್ಮೆಗೂಡಿನ ರಾಶಿಗೆ ಮುಸ್ಲಿಂ ರೀಲರ್ ಕೈಹಾಕಿ, ಹಿಡಿ ತುಂಬ ಎತ್ತಿ, ಅದುಮಿ ನೋಡಿ ಬೆಲೆ ಕಟ್ಟುತ್ತಾನೆ. ಆ ದುಡ್ಡಿಗೆ ಮೈಲಿಗೆಯಿಲ್ಲ. ಚಿಂತಾಮಣಿ ತಾಲ್ಲೂಕಿನದೇ ಮುರುಗಮಲ್ಲ ದರ್ಗಾಕ್ಕೆ ಹರಕೆ ಹೊತ್ತು ಹೋಗುವ ಹಿಂದೂಗಳಿಗೆ ಲೆಕ್ಕವಿಲ್ಲ. ಮಡಿ ಬಿಗಿಯಾಗುವುದು ಬಾಡಿಗೆ ಮನೆಯ ಹೊಸ್ತಿಲಲ್ಲಿ ಮಾತ್ರ.

ಗೌರಿಬಿದನೂರಿನ ಕಡೆ ಹೋದರೆ, 1938ರ ಗೋಲಿಬಾರಿನಿಂದ ಹೆಸರಾದ ವಿದುರಾಶ್ವತ್ಥ. ಅಲ್ಲಿದ್ದ ಅರಳಿಮರ ನೆಟ್ಟವನು ವಿದುರ ಎಂಬುದು ಪ್ರತೀತಿ. ದಾಸಿಯ ಮಗ ವಿದುರ. ಸಂಧಾನಕ್ಕೆ ಬಂದ ಕೃಷ್ಣ ದುರ್ಯೋಧನನ ಊಟ ಬೇಡವೆಂದು ಉಂಡದ್ದು ಈ ವಿದುರನ ಮನೆಯಲ್ಲಿ. ಪ್ರೀತಿಯಿದ್ದರೆ ಉಣ್ಣಬೇಕು, ಇಲ್ಲವೇ ಕಷ್ಟಕ್ಕೆ ಸಿಕ್ಕಾಗ ಉಣ್ಣಬೇಕು, ಇವೆರಡೂ ಇಲ್ಲಿಲ್ಲ ಎಂಬುದು ದುರ್ಯೋಧನನಿಗೆ ಕೃಷ್ಣ ಕೊಟ್ಟ ಕಾರಣ. ಹುಟ್ಟಿನ ಮಾತು ಆ ಲೆಕ್ಕದಲ್ಲೇ ಬರಲಿಲ್ಲ. ಪಾಂಡವರ ಬಿಡಾರಕ್ಕಿಂತ ಈ ಊಟವೇ ಮನೆ ಮಾಲೀಕರಿಗೆ ಹತ್ತಿರದ ಪಾಠ.

ಕಾನೂನೂ ಸುಮ್ಮನಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಒಂದು ಬಡಾವಣೆಯಲ್ಲಿ ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ 4ನೇ ಕಲಮಿನಡಿ ಅಪರಾಧ. ಆದರೆ ಮಗ ಬರುತ್ತಾನೆ ಎಂದವರ ಮೇಲೆ ಯಾವ ಠಾಣೆಯಲ್ಲಿ ದೂರು ಬರೆಸುವುದು? ಮನೆ ಹುಡುಕುವವರು ಅಷ್ಟು ದೂರ ಹೋಗುವುದೂ ಇಲ್ಲ. ಯಾವ ಬೀದಿಯಲ್ಲಿ ಕೇಳಬಹುದು, ಯಾವುದರಲ್ಲಿ ಕೇಳಬಾರದು ಎಂಬುದನ್ನು ಆಫೀಸಿನ ಸಹೋದ್ಯೋಗಿಗಳೇ ಮೊದಲ ದಿನ ಹೇಳಿಕೊಟ್ಟಿರುತ್ತಾರೆ.